ಅಕ್ಕನ ದನಿಯ ಬೆಸುಗೆ

ಮೂಡುಬಿದಿರೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಮಧ್ಯಾಹ್ನದ ಬುತ್ತಿಯ ಮುಚ್ಚಳ ತೆಗೆಯುತ್ತಿದ್ದೆ. ಪಕ್ಕದ ಮೇಜಿನ ಸಹೋದ್ಯೋಗಿ ತನ್ನ ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದಳು.

“ಇದೊಮ್ಮೆ ಕೇಳಿ ಮೇಡಂ. ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದದ್ದು. ಬೆಳ್ತಂಗಡಿ ಕಡೆಯ ಯಾರೋ ಹೆಡ್ ಟೀಚರಂತೆ. ಇಂಥವರೆಲ್ಲ ಯಾಕೆ ಟೀಚರ್ ಆಗುದು ಮಾರಾಯ್ರೆ?”

ಇದ್ದದ್ದು ಒಂದೇ ವಾಕ್ಯ. “ಊಟಕ್ಕೆ ಬರುವ ಮಕ್ಕಳು ನಮಗೆ ಬೇಡ.”

ಅದು ನನ್ನ ಅಕ್ಕನ ದನಿ. ಅನುಮಾನಕ್ಕೆ ಜಾಗವೇ ಇರಲಿಲ್ಲ. ನನಗೆ ಅಕ್ಷರ ತಿದ್ದಿಸಿದ ದನಿ ಅದು. ‘ಊಟ’ ಎನ್ನುವಾಗ ಊಕಾರವನ್ನು ಸ್ವಲ್ಪ ಹೆಚ್ಚೇ ಎಳೆಯುವುದು, ‘ಬೇಡ’ವನ್ನು ಕಲ್ಲಿನ ಹಾಗೆ ಕೆಳಗಿಡುವುದು, ಎಲ್ಲ ಅವಳದೇ. ಸಹೋದ್ಯೋಗಿ ಇನ್ನೊಮ್ಮೆ ಹಾಕಿದಳು. ಎದುರಿನ ಮೇಜಿನವರೂ ಬಗ್ಗಿ ಕೇಳಿದರು. ಒಬ್ಬರು “ಛೆ” ಎಂದರು. ನಾನು ಬುತ್ತಿ ಮುಚ್ಚಿ, “ಇದು ನನ್ನ ಅಕ್ಕ” ಎಂದೆ. ಆಮೇಲೆ ಆ ಕೋಣೆಯಲ್ಲಿ ಸಂಜೆಯವರೆಗೂ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. ನನಗೆ ಬೇಸರವಾಗದಿರಲಿ ಎಂದು ಸುಮ್ಮನಿದ್ದಾರೆ ಎಂದುಕೊಂಡಿದ್ದೆ. ಹಾಗಲ್ಲ ಎಂದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು.

ಅಕ್ಕ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಿಂದ ಒಳಗಿರುವ ಒಂದು ಅನುದಾನಿತ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ಆ ಊರಿನವರು ತಮ್ಮ ಮಕ್ಕಳನ್ನು ಹಳದಿ ವ್ಯಾನುಗಳಲ್ಲಿ ಪೇಟೆಯ ಇಂಗ್ಲಿಷ್ ಮೀಡಿಯಮ್ಮಿಗೆ ಕಳಿಸತೊಡಗಿ ಬಹಳ ಕಾಲವಾಗಿತ್ತು. ತರಗತಿಗಳು ಒಂದೊಂದಾಗಿ ಬರಿದಾಗುತ್ತಿದ್ದಾಗ ಅಕ್ಕ ತನ್ನ ಸ್ಕೂಟರ್ ಹತ್ತಿ ಕೆಂಪುಕಲ್ಲಿನ ಕೋರೆಗಳ ಕಡೆ ಹೋದಳು. ಕಲ್ಲು ಕಡಿಯಲು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದವರು ಅಲ್ಲಿ ಶೀಟಿನ ಶೆಡ್ಡುಗಳಲ್ಲಿ ಇರುತ್ತಾರೆ. ನಮ್ಮಲ್ಲಿ ಅವರಿಗೆ ‘ಘಟ್ಟದವರು’ ಎಂದೇ ಹೆಸರು. ಅವರ ಮಕ್ಕಳು ಕೋರೆಯ ಅಂಚಿನಲ್ಲಿ ಆಡುತ್ತಿದ್ದವು. ಅಕ್ಕ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ತಾಯಂದಿರ ಹತ್ತಿರ ಮಾತಾಡಿದಳು. ಮಧ್ಯಾಹ್ನ ಬಿಸಿಯೂಟ ಉಂಟು, ಹಾಲು ಉಂಟು, ಮಕ್ಕಳು ಗುಂಡಿಗೆ ಬೀಳುವ ಹೆದರಿಕೆ ಇಲ್ಲ ಎಂದಳು. ಆ ಮಕ್ಕಳಿಂದ ಶಾಲೆ ಉಳಿಯಿತು. ಇದನ್ನು ನಾನು ಅಕ್ಕನ ಮೇಲಿನ ಪ್ರೀತಿಯಿಂದ ಹೇಳುತ್ತಿಲ್ಲ. ಊರಿನವರೇ ಒಂದು ಕಾಲದಲ್ಲಿ ಹಾಗೆ ಹೇಳುತ್ತಿದ್ದರು, ವಾರ್ಷಿಕೋತ್ಸವದ ವೇದಿಕೆಯಲ್ಲಿ, ಮೈಕಿನ ಮುಂದೆ.

ಆ ಸಂಜೆ ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದು ಬೆಳ್ತಂಗಡಿಯ ಅಕ್ಕನ ಮನೆಗೆ ಹೋದೆ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಇಬ್ಬರು ಹೆಂಗಸರು ಅದೇ ಕ್ಲಿಪ್ ಕೇಳುತ್ತಿದ್ದರು. ಅದು ಮುಗಿದೊಡನೆ ಒಬ್ಬಾಕೆ ಮತ್ತೆ ಮೊದಲಿಂದ ಹಾಕುವಳು. ಒಂದು ವಾಕ್ಯ ಕೇಳಲು ಎಷ್ಟು ಹೊತ್ತು ಬೇಕು? ಆದರೂ ಅವರಿಗೆ ಸಾಕಾಗಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಭಾವ ಹೊರಗಿನ ಕುರ್ಚಿಯಲ್ಲಿ ಫೋನನ್ನು ಮಗುಚಿ ಇಟ್ಟು ಕೂತಿದ್ದರು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅದು ನೀನೇ ಹೇಳಿದ್ದಾ?” ಎಂದು ಕೇಳಿದೆ.

“ನಾನೇ. ಆದರೆ ಹಾಗೆ ಹೇಳಿದ್ದಲ್ಲ.”

“ಹಾಗಾದರೆ ಹೇಗೆ?”

ಅಕ್ಕ ಚೂರಿ ಕೆಳಗಿಟ್ಟಳು. ಶಾಲೆಯ ಸಂಚಾಲಕರು, ಎಂದರೆ ಆಡಳಿತ ಮಂಡಳಿಯ ಪರವಾಗಿ ಶಾಲೆ ನಡೆಸುವವರು, ಹಿಂದಿನ ವಾರ ಅವಳಿಗೆ ಫೋನು ಮಾಡಿದ್ದರು. ಮುಂದಿನ ವರ್ಷ ಅದೇ ಕಟ್ಟಡದಲ್ಲಿ ಇಂಗ್ಲಿಷ್ ಮೀಡಿಯಂ ತೆರೆಯಬೇಕು, ಪೇಟೆಯ ಕಡೆಯ ಒಳ್ಳೆಯ ಮನೆಗಳ ಮಕ್ಕಳು ಬರಬೇಕಾದರೆ ಈಗಿನ ಮಕ್ಕಳು ಅಲ್ಲಿರಬಾರದು ಎಂಬುದು ಅವರ ಮಾತಿನ ಸಾರ. ‘ಊಟಕ್ಕೆ ಬರುವ ಮಕ್ಕಳಿಂದ ಶಾಲೆಗೆ ಹೆಸರು ಬರ್ತದಾ ಟೀಚರ್?’ ಎಂದು ಕೇಳಿದ್ದರು. ಶಾಲೆಯ ವಿಷಯ ಬಂದರೆ ಅಕ್ಕ ತುಳು ಬಿಟ್ಟು ಕನ್ನಡಕ್ಕೆ ಹೊರಳುತ್ತಾಳೆ, ಅದೂ ಪುಸ್ತಕದ ಕನ್ನಡಕ್ಕೆ. ಅವಳು ಹೇಳಿದ್ದು ಇದು: “ಊಟಕ್ಕೆ ಬರುವ ಮಕ್ಕಳು ಬರಲಿ. ಅವರಿಂದಲೇ ಈ ಶಾಲೆ ಉಳಿದದ್ದು. ಇಂಥ ಮಾತು ನಮಗೆ ಬೇಡ.”

ನಾನು ಅದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ. ನಡುವಿನದನ್ನು ತೆಗೆದರೆ ಉಳಿಯುವುದು ಬಸ್ಸಿನಲ್ಲಿ ಕೇಳಿದ ವಾಕ್ಯವೇ. ತುಳುವಿನಲ್ಲಿ ಹೇಳಿದ್ದರೆ ಕೋರೆಯವರಿಗೆ ಅರ್ಥವೇ ಆಗುತ್ತಿರಲಿಲ್ಲ, ಅದನ್ನು ಕತ್ತರಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

“ಸಂಚಾಲಕರ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವಾದರೂ ಹೀಗೆ ಹೇಳಿದ್ದೆಯಾ?”

“ಇಲ್ಲ ಮಾರಾಯ್ತಿ. ಹೇಳುವ ಸಂದರ್ಭ ಬರಬೇಕಲ್ಲ.”

ಹೊರಗಿನಿಂದ ಭಾವ ಹೇಳಿದರು, “ಇವಳು ಕೋರೆಯ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಊರಿನ ಶಾಲೆ ಉಳಿಸಿದಳು. ಈಗ ಆ ಊರಿಗೇ ಇವಳು ಬೇಡ.” ಅಕ್ಕ, “ನೀವು ಸುಮ್ಮನಿರಿ” ಎಂದಳು. ಮಾರನೆಯ ದಿನದಿಂದ ರಜೆಯ ಮೇಲೆ ಹೋಗಬೇಕೆಂದು ಆಡಳಿತ ಮಂಡಳಿ ಅವಳಿಗೆ ಆಗಲೇ ತಿಳಿಸಿತ್ತು. ಶಾಲೆಯ ಗೇಟಿನ ಹತ್ತಿರ ಜನ ಸೇರಿದ್ದರಂತೆ. ಮಕ್ಕಳನ್ನು ಶಾಲೆಗೆ ತರುವಾಗ ಯಾವತ್ತೂ ಕಾಣದ ಮುಖಗಳು ಎಂದಳು.

ನಾನು ನನ್ನ ಕೆಲಸದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಮಾತಿನ ದನಿಯನ್ನು ಅಂಕೆಗಳಾಗಿ ಮಾಡಿ, ಆ ಅಂಕೆಗಳನ್ನು ಆದಷ್ಟು ಕಡಿಮೆ ಮಾಡಿ ಕಳಿಸುವ ವಿದ್ಯೆಯನ್ನು ನಾನು ಕಲಿಸುತ್ತೇನೆ. ಅದರ ಬುಡದಲ್ಲಿರುವ ತಂತ್ರಕ್ಕೆ ಲೀನಿಯರ್ ಪ್ರೆಡಿಕ್ಷನ್ ಎಂದು ಹೆಸರು. ದನಿಯೆಂದರೆ ಗಾಳಿಯ ಅಲುಗಾಟ. ಅದನ್ನು ಬಿಡುವಿಲ್ಲದೆ ಅಳೆಯುತ್ತ ಹೋದರೆ ಅಳತೆಗಳ ಉದ್ದನೆಯ ಸಾಲು ಸಿಗುತ್ತದೆ. ಗಂಟಲು, ನಾಲಿಗೆ, ತುಟಿ ಎಲ್ಲ ಮಾಂಸದವು, ಒಂದು ಆಕಾರದಿಂದ ಇನ್ನೊಂದಕ್ಕೆ ದಿಢೀರನೆ ಹಾರಲಾರವು. ಹಾಗಾಗಿ ಈಗಷ್ಟೇ ಬಂದ ಕೆಲವು ಅಳತೆಗಳನ್ನು ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ ಮುಂದಿನ ಅಳತೆ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಊಹಿಸಿದ್ದಕ್ಕೂ ನಿಜವಾಗಿ ಬಂದದ್ದಕ್ಕೂ ನಡುವೆ ಉಳಿಯುವ ಸಣ್ಣ ವ್ಯತ್ಯಾಸಕ್ಕೆ ನಾನು ತರಗತಿಯಲ್ಲಿ ‘ಉಳಿಕೆ’ ಎನ್ನುತ್ತೇನೆ. ಫೋನು ನಮ್ಮ ದನಿಯನ್ನು ಇಡಿಯಾಗಿ ಕಳಿಸುವುದಿಲ್ಲ. ಕೂಡಿಸಬೇಕಾದ ಪ್ರಮಾಣಗಳನ್ನೂ ಉಳಿಕೆಯ ಸಾರವನ್ನೂ ಕಳಿಸುತ್ತದೆ. ಆಚೆಯ ಫೋನು ಅದರಿಂದ ಇನ್ನೊಂದು ದನಿ ಕಟ್ಟುತ್ತದೆ. ನಾವು ಅದನ್ನು ನಮ್ಮವರ ದನಿ ಎಂದು ನಂಬಿ ಮಾತಾಡುತ್ತೇವೆ.

ಈ ವಿದ್ಯೆ ನನಗೆ ಅನ್ನ ಕೊಟ್ಟಿತ್ತು. ಇದರಿಂದ ಬೇರೇನಾದರೂ ಉಪಯೋಗ ಆದೀತೆಂದು ನಾನು ಯಾವತ್ತೂ ಎಣಿಸಿರಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಆ ಕ್ಲಿಪ್ಪನ್ನು ತೆರೆದೆ. ಮೊದಲು ಕೇಳಿದಾಗ ನನ್ನ ಕಿವಿಗೂ ಏನೂ ಸಿಗಲಿಲ್ಲ. ಕತ್ತರಿಸಿದವರು ಚೆನ್ನಾಗಿಯೇ ಕತ್ತರಿಸಿದ್ದರು. ಅದರ ಮೇಲೆ ವಾಟ್ಸಾಪಿಗೆ ಹಾಕಿದಾಗ ದನಿ ಮತ್ತೊಮ್ಮೆ ಅದೇ ಊಹೆಯ ಯಂತ್ರದೊಳಗೆ ಹೋಗಿ ಬಂದಿತ್ತು. ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗುವಾಗ ಕಿವಿಗೆ ಒರಟಾಗದಿರಲಿ ಎಂದು ಈ ಯಂತ್ರ ನಡುವಿನ ಪ್ರಮಾಣಗಳನ್ನು ತಾನೇ ಸರಿದೂಗಿಸುತ್ತದೆ. ಒಳ್ಳೆಯ ಉದ್ದೇಶದಿಂದ ಯಾರೋ ಮಾಡಿದ ಏರ್ಪಾಡು. ಅದನ್ನು ನಾನೇ ವರ್ಷ ವರ್ಷವೂ ಹುಡುಗರಿಗೆ ಹೊಗಳಿ ಹೊಗಳಿ ಕಲಿಸಿದ್ದೆ. ಅಕ್ಕನ ಮಾತಿನ ಮೇಲಿನ ಕತ್ತರಿಯ ಗುರುತನ್ನು ಅದೇ ಉಜ್ಜಿ ನಯ ಮಾಡಿತ್ತು.

ಊಹೆಯನ್ನು ಕಳೆದು ಬರೀ ಉಳಿಕೆಯನ್ನು ಪರದೆಯ ಮೇಲೆ ಹಾಕಿದೆ. ನಾವು ಸ್ವರ ಹೊರಡಿಸುವಾಗ ಗಂಟಲೊಳಗಿನ ತಂತುಗಳು ಒಂದೇ ಸಮನೆ ಬಡಿದುಕೊಳ್ಳುತ್ತವೆ. ಉಳಿಕೆಯಲ್ಲಿ ಪ್ರತಿ ಬಡಿತವೂ ಮುಳ್ಳಿನಂತೆ ಎದ್ದು ಕಾಣುತ್ತದೆ, ಬೇಲಿಯ ಗೂಟಗಳ ಹಾಗೆ ಸಮ ಅಂತರದಲ್ಲಿ. ‘ಮಕ್ಕಳು’ ಶಬ್ದದ ಕೊನೆಯ ಉಕಾರದವರೆಗೆ ಮುಳ್ಳುಗಳು ಸಾಲಾಗಿದ್ದವು. ಅದರ ನಂತರದ್ದು ಬರಬಾರದ ಜಾಗದಲ್ಲಿ ಬಂದಿತ್ತು, ಹಿಂದಿನ ಮುಳ್ಳಿಗೆ ತೀರಾ ಹತ್ತಿರ. ಆಮೇಲೆ ಸಾಲು ಮತ್ತೆ ಸರಿಯಾಗಿತ್ತು, ಆದರೆ ಅಂತರ ಬೇರೆ. ಮಾತು ಶುರುಮಾಡುವಾಗ ಏರಿದ ದನಿ ಅಷ್ಟು ಕಿರಿದಾದ ಸಂದಿನಲ್ಲಿ ಮಾತು ಮುಗಿಸುವ ದನಿಯಾಗಿ ಇಳಿದಿತ್ತು. ಮನುಷ್ಯರ ಗಂಟಲಿಗೆ ಅದು ಸಾಧ್ಯವಿಲ್ಲ.

ಖಚಿತ ಮಾಡಿಕೊಳ್ಳಲು ಇನ್ನೊಂದು ಬೇಕಿತ್ತು. ಅದೇ ವಾಕ್ಯವನ್ನು ಅಕ್ಕ ಒಂದೇ ಉಸಿರಿಗೆ ಹೇಳಿದರೆ ಹೇಗಿರುತ್ತದೆ ಎಂದು ಹೋಲಿಸಿ ನೋಡಬೇಕಿತ್ತು. ಭಾನುವಾರ ಬೆಳ್ತಂಗಡಿಗೆ ಹೋಗಿ ಅವಳ ಮುಂದೆ ಕೂತೆ.

“ಅದನ್ನು ನನ್ನ ಬಾಯಿಂದ ಹೇಳಿಸ್ತೀಯಾ?” ಎಂದಳು.

“ಹೋಲಿಸಲಿಕ್ಕೆ ಬೇಕು ಅಕ್ಕ.”

“ಊರಿಗೆಲ್ಲ ಕೇಳಿಸಿದ್ದು ಸಾಲದಾ?”

ಭಾವ ಎದ್ದು ಅಂಗಳಕ್ಕೆ ಹೋದರು. ಅಕ್ಕ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಬಂದಳು. ಪಕ್ಕದ ಮನೆಯವರಿಗೆ ಕೇಳಿದರೆ ಇನ್ನೊಂದು ಕತೆಯಾಗುತ್ತದೆ. ಮೂಲ ಮಾತು ಫೋನಿನಲ್ಲಿ ಆಡಿದ್ದಾದ್ದರಿಂದ ನಾನು ಇನ್ನೊಂದು ಫೋನಿನಿಂದ ಕರೆ ಮಾಡಿ, ರೆಕಾರ್ಡ್ ಮಾಡುತ್ತ ಒಳಕೋಣೆಯಲ್ಲಿ ಕೂತೆ. ಮೊದಲ ಸಲ ‘ಮಕ್ಕಳು’ ಎಂಬಲ್ಲಿಗೆ ನಿಂತಳು. ಎರಡನೆಯ ಸಲವೂ ನಿಂತಳು. ಆಮೇಲೆ ತರಗತಿಯಲ್ಲಿ ಉಕ್ತಲೇಖನ ಹೇಳುವ ದನಿಯಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಶಬ್ದಗಳೋ ಎಂಬಂತೆ, ಪೂರ್ತಿ ಹೇಳಿದಳು. ಅದು ನನಗೆ ಸಾಲದು. ಮತ್ತೆ ಹೇಳು ಎಂದೆ, ಮಾತಾಡುವ ಹಾಗೆ. ಹೇಳಿದಳು. ಹಾಗೆ ಹಲವು ಸಲ. ಕೊನೆಗೆ ಅವಳ ಬಾಯಲ್ಲಿ ಆ ವಾಕ್ಯ ಎಷ್ಟು ಸಲೀಸಾಗಿ ಬಂತೆಂದರೆ, ಇದನ್ನು ಯಾರಾದರೂ ಕೇಳಿದ್ದರೆ ನಮ್ಮ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹೊರಗೆ ಬಂದಾಗ ಅವಳು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

ಹೋಲಿಸಿದೆ. ಅವಳು ಒಂದೇ ಉಸಿರಿಗೆ ಹೇಳಿದ್ದರಲ್ಲಿ ಎಲ್ಲೂ ಊಹೆ ಹೀಗೆ ತಪ್ಪಿರಲಿಲ್ಲ. ಉಕಾರಕ್ಕೆ ದುಂಡಗಾದ ತುಟಿ ನಕಾರಕ್ಕೆ ತೆರೆದುಕೊಳ್ಳುವ ದಾರಿ ಮೆಲ್ಲಗೆ, ಪೂರ್ತಿಯಾಗಿ ಕಾಣುತ್ತಿತ್ತು. ಕ್ಲಿಪ್ಪಿನಲ್ಲಿ ಆ ದಾರಿಯೇ ಇರಲಿಲ್ಲ. ನನಗೆ ಸಂಶಯ ಉಳಿಯಲಿಲ್ಲ. ಆ ದಿನ ಮೂಡುಬಿದಿರೆಗೆ ವಾಪಸು ಬರುವಾಗ ನಾನು ಖುಷಿಯಲ್ಲಿದ್ದೆ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಕನಿಕರ ಬರುತ್ತದೆ.

ಅಕ್ಕನ ವಿಷಯದ ವಿಚಾರಣೆಗೆಂದು ಆಡಳಿತ ಮಂಡಳಿಯವರು ಶಾಲೆಯ ಸಭಾಭವನದಲ್ಲಿ ಕೂತಿದ್ದರು. ಶಿಕ್ಷಣ ಇಲಾಖೆಯಿಂದಲೂ ಒಬ್ಬರು ಬಂದಿದ್ದರು. ಚಹಾ, ಗೋಳಿಬಜೆ ಬಂತು. ನಾನು ಲ್ಯಾಪ್‌ಟಾಪ್ ತೆರೆದು ಆದಷ್ಟು ಸರಳವಾಗಿ ವಿವರಿಸಿದೆ. ಮುಳ್ಳುಗಳ ಸಾಲು ತೋರಿಸಿದೆ, ಸಾಲು ತಪ್ಪಿದ ಜಾಗ ತೋರಿಸಿದೆ, ಅಕ್ಕ ಒಂದೇ ಉಸಿರಿಗೆ ಹೇಳಿದ್ದನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಎಲ್ಲರೂ ಮರ್ಯಾದೆಯಿಂದ ನೋಡಿದರು. ಇಲಾಖೆಯವರು ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತ ತಲೆದೂಗಿದರು.

ಸಂಚಾಲಕರು ಬಿಳಿ ಅಂಗಿಯ, ಮೆಲುದನಿಯ ಮನುಷ್ಯ. ಅವರು ಸಿಟ್ಟಾದದ್ದನ್ನು ಯಾರೂ ನೋಡಿಲ್ಲ.

“ಮೇಡಂ, ನಾವು ನಿಮ್ಮಷ್ಟು ಓದಿದವರಲ್ಲ” ಎಂದರು. “ಒಂದೇ ಪ್ರಶ್ನೆ. ಇದು ಟೀಚರಿನ ವಾಯ್ಸೇ ಅಲ್ವಾ?”

“ಹೌದು. ಆದರೆ...”

“ಇರ್ಲಿ. ಹೌದು ಅಂತ ಹೇಳಿದ್ರಿ. ಇನ್ನು, ನಡುವಿಂದ ಏನೋ ಹೋಗಿದೆ ಅಂತೀರಿ. ಎಂಥ ಹೋಗಿದೆ ಅಂತ ನಿಮ್ಮ ಮಶೀನ್ ಹೇಳ್ತದಾ?”

“ಅದು ಹೇಳುವುದಿಲ್ಲ. ಕತ್ತರಿಸಿದ್ದಾರೆ ಅಂತ ಮಾತ್ರ ಹೇಳ್ತದೆ.”

“ಒಂದು ಕೆಮ್ಮು ಹೋಗಿರಬಹುದು. ಹಾರ್ನ್ ಹೋಗಿರಬಹುದು. ಅಲ್ವಾ?”

“ನಡುವೆ ಎಂಥ ಇತ್ತು ಅಂತ ನಾನು ಹೇಳ್ತೇನೆ” ಎಂದು ಅಕ್ಕ ಎದ್ದು ನಿಂತಳು. “ಈ ಮಾತು ನಾನು ನಿಮ್ಮ ಹತ್ತಿರವೇ ಹೇಳಿದ್ದು ಸರ್. ಫೋನಿನಲ್ಲಿ. ನಿಮಗೆ ನೆನಪುಂಟು.”

ಸಂಚಾಲಕರು ನೋವಾದವರಂತೆ ಅವಳನ್ನು ನೋಡಿದರು. “ನನ್ನ ಹತ್ತಿರವಾ? ನೀವು ದಿನಕ್ಕೆ ಎಷ್ಟು ಜನರ ಹತ್ತಿರ ಮಾತಾಡ್ತೀರಿ ಟೀಚರ್. ನನಗೆ ಫೋನಿನಲ್ಲಿ ರೆಕಾರ್ಡ್ ಮಾಡ್ಲಿಕ್ಕೆ ಸಹ ಗೊತ್ತಿಲ್ಲ.”

ಮೂಲೆಯಿಂದ ಒಬ್ಬರು, “ಮತ್ತೆ ತಂಗಿ ಅಕ್ಕನ ಪರ ಹೇಳದೆ ಯಾರ ಪರ ಹೇಳುದು?” ಎಂದರು. ಸಣ್ಣ ನಗು ಹರಿಯಿತು. ಇಲಾಖೆಯವರೂ ನಕ್ಕರು, ಆಮೇಲೆ ನಗಬಾರದಿತ್ತು ಎಂದು ನೆನಪಾಗಿ ಚಹಾ ಕುಡಿದರು. ಅಷ್ಟೂ ವರ್ಷ ಅಕ್ಕನ ಜೊತೆ ಪಾಠ ಮಾಡಿದ ಇಬ್ಬರು ಶಿಕ್ಷಕಿಯರು ಅಲ್ಲೇ ಇದ್ದರು. ಒಬ್ಬಾಕೆ ನೆಲ ನೋಡುತ್ತಿದ್ದಳು. ಇನ್ನೊಬ್ಬಾಕೆ ಖಾಲಿ ಲೋಟಗಳನ್ನು ಒಟ್ಟುಮಾಡುತ್ತಿದ್ದಳು. ಇಂಗ್ಲಿಷ್ ಮೀಡಿಯಂ ಬಂದರೆ ಅವರಿಗೂ ಅಲ್ಲಿ ಕೆಲಸವಿದೆ ಎಂದು ಹೇಳಿಯಾಗಿತ್ತು.

ಪೊಲೀಸ್ ಠಾಣೆಗೂ ಹೋದೆವು. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಕೇಳಿದರು. “ಮೊದಲು ರೆಕಾರ್ಡ್ ಆದ ಫೋನು ಬೇಕು ಮೇಡಂ. ಇದು ನೂರಾರು ಕೈ ದಾಟಿ ಬಂದ ಪ್ರತಿ” ಎಂದರು. ಅವರು ಹೇಳಿದ್ದು ಸರಿಯೇ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಸಂಚಾಲಕರು ಆ ಹೊತ್ತಿಗೆ ಹೊಸ ಫೋನು ತೆಗೆದುಕೊಂಡಿದ್ದರು. ಹಳೆಯದು ಬಾವಿಗೆ ಬಿತ್ತಂತೆ. ಅದನ್ನು ಅವರು ಯಾರೂ ಕೇಳದೆ ತಾವಾಗಿಯೇ ಎಲ್ಲರಿಗೂ ಹೇಳುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಅಕ್ಕ ಹೋರಾಡುತ್ತಿದ್ದಳು. ಅವಳು ಸುಲಭಕ್ಕೆ ಬಿಡುವವಳಲ್ಲ. ಅವಳನ್ನು ಮುರಿದದ್ದು ಸಂಚಾಲಕರಲ್ಲ.

ಒಂದು ಬೆಳಿಗ್ಗೆ ಕೋರೆಯ ಹೆಂಗಸೊಬ್ಬಳು ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಸೀರೆಯ ಮೇಲೆ ಗಂಡಸರ ಅಂಗಿ ಹಾಕಿದ್ದಳು, ಅದರ ತೋಳುಗಳು ಕೆಂಪುಕಲ್ಲಿನ ಧೂಳಿನಿಂದ ಕೆಂಪಾಗಿದ್ದವು. ಅವಳ ಮಗಳು ನಾಲ್ಕನೆಯ ತರಗತಿ. ಒಳಗೆ ಬಾ ಎಂದರೂ ಬರಲಿಲ್ಲ, ಜಗಲಿಯ ಅಂಚಿನಲ್ಲೇ ನಿಂತಳು.

“ಟೀಚರ್ ಅಕ್ಕಾರ, ಒಂದ ಮಾತು ಕೇಳಾಕ ಬಂದೀನ್ರೀ. ನಮ್ಮ ಹುಡುಗಿ ಸಾಲಿಯಾಗ ಉಣ್ಣಾಕ ಒಲ್ಲೆ ಅಂತಾಳ್ರೀ. ತಾಟ ಮುಟ್ಟಂಗಿಲ್ಲಂತ. ಖಾಲಿ ಹೊಟ್ಟೀಲೆ ಕುಂದರ್ತಾಳ.”

ಅಕ್ಕ, “ಯಾಕೆ?” ಎಂದಳು. ಯಾಕೆಂದು ಅವಳಿಗೆ ಗೊತ್ತಿತ್ತು.

“ಫೋನಿನ್ಯಾಗ ಬಂದೈತಲ್ರೀ, ಅದನ್ನ ಯಾರೋ ಹುಡುಗರು ಆಕಿಗೆ ಕೇಳ್ಸ್ಯಾರ.”

ನಾನು ಒಳಗೆ ಓಡಿ ಲ್ಯಾಪ್‌ಟಾಪ್ ತಂದೆ. ಆ ಮಾತನ್ನು ನಡುವೆ ಕತ್ತರಿಸಿ ಜೋಡಿಸಿದ್ದಾರೆ, ನೋಡಿ, ಇಲ್ಲಿ ಸಾಲು ತಪ್ಪಿದೆ ಎಂದೆ. ಅವಳು ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು.

“ಮಷಿನ್ ಗಿಷಿನ್ ನಮಗ ತಿಳಿಯಂಗಿಲ್ರೀ ಅವ್ವಾರ.” ಅಕ್ಕನ ಕಡೆ ತಿರುಗಿದಳು. “ಟೀಚರ್, ನೀವು ಸುಳ್ಳ ಹೇಳೋರಲ್ಲ. ನೀವ ಹೇಳ್ರೀ. ಹಂಗ ಅಂದೀರೇನ್ರೀ?”

“ಬೇಡ ಅಂತ ಹೇಳಿಲ್ಲ. ಬರಲಿ ಅಂತ ಹೇಳಿದ್ದು” ಎಂದಳು ಅಕ್ಕ. ಪೂರ್ತಿ ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು.

ಹೆಂಗಸು ಗಮನವಿಟ್ಟು ಕೇಳಿದಳು. ಆಮೇಲೆ, “ಊಟಕ್ಕ ಬರೋ ಮಕ್ಕಳು ಅಂತ ಅಂದದ್ದು ಹೌದಲ್ರೀ?” ಎಂದು ಕೇಳಿದಳು.

“ಅದು ಅವರು ಹೇಳಿದ ಮಾತು. ನಾನು ಅವರಿಗೆ ಉತ್ತರ ಕೊಡುವಾಗ...”

“ನೀವೂ ಅಂದ್ರಿ ಹೌದಲ್ರೀ?”

“ಹೌದು” ಎಂದಳು ಅಕ್ಕ.

“ಊಟಕ್ಕ ಬರ್ತಾವ್ರೀ. ಸುಳ್ಳಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಓದಾಕೂ ಬರ್ತಾವು.”

ಅಕ್ಕ ನೀರು ಬೆಲ್ಲ ತಂದುಕೊಟ್ಟಳು. ಹೆಂಗಸು ನೀರು ಕುಡಿದಳು, ಬೆಲ್ಲ ಮುಟ್ಟಲಿಲ್ಲ. ಕೆಲಸಕ್ಕೆ ಹೊತ್ತಾಯಿತು ಎಂದು ಹೊರಟುಹೋದಳು. ನಾನು ತೆರೆದ ಲ್ಯಾಪ್‌ಟಾಪ್ ಹಿಡಿದುಕೊಂಡು ಜಗಲಿಯಲ್ಲಿ ನಿಂತಿದ್ದೆ. ಎಲ್ಲಿ ಕತ್ತರಿಸಿದ್ದಾರೆ ಎಂಬುದನ್ನು ಪತ್ತೆಹಚ್ಚಲು ನಾನು ಎಷ್ಟೆಲ್ಲ ಕಷ್ಟಪಟ್ಟಿದ್ದೆ. ಅವಳಿಗೆ ನೋವಾದದ್ದು ಯಾರೂ ಕತ್ತರಿಸದೆ ಹಾಗೇ ಬಿಟ್ಟ ಭಾಗದಿಂದ.

ಅಕ್ಕ ಆ ದಿನ ಅಡುಗೆ ಮಾಡಲಿಲ್ಲ. ಭಾವ ಹೋಟೆಲಿನಿಂದ ನೀರುದೋಸೆ ಕಟ್ಟಿಸಿಕೊಂಡು ಬಂದರು. ಅವಳು ತಿನ್ನದೆ ಹೇಳಿದಳು, “ನಾನು ಅವರಿಗೆ ಕೊಡುವ ಉತ್ತರವನ್ನು ಅವರದೇ ಶಬ್ದದಲ್ಲಿ ಯಾಕೆ ಕೊಟ್ಟೆ? ‘ಈ ಮಕ್ಕಳು’ ಅಂದಿದ್ದರೆ ಸಾಕಿತ್ತು. ‘ನಮ್ಮ ಮಕ್ಕಳು’ ಅಂದಿದ್ದರೆ ಸಾಕಿತ್ತು.”

“ಹಾಗೆ ಅಂದಿದ್ದರೆ ಬೇರೆ ಏನನ್ನಾದರೂ ಕತ್ತರಿಸುತ್ತಿದ್ದರು ಅಕ್ಕ.”

“ಕತ್ತರಿಸಲಿ. ಆ ಹುಡುಗಿ ಊಟ ಮಾಡುತ್ತಿದ್ದಳಲ್ಲ.”

ಅವಳು ಸ್ವಯಂ ನಿವೃತ್ತಿ ತೆಗೆದುಕೊಂಡಳು. ಇಲಾಖೆಯ ವಿಚಾರಣೆ ಮುಗಿಯುವವರೆಗಾದರೂ ಕಾಯು ಎಂದು ನಾನು ಜಗಳವಾಡಿದೆ. ಈಗ ಬಿಟ್ಟರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದೆ. “ಒಪ್ಪಿಕೊಂಡದ್ದು ಅಂತಲೇ ಹೇಳಲಿ” ಎಂದಳು. ಊರು ಹಾಗೆಯೇ ಹೇಳಿತು. ಆ ವಿಚಾರಣೆ ಏನಾಯಿತೆಂದು ಕೇಳಿಕೊಂಡು ಆಮೇಲೆ ನಾನೊಮ್ಮೆ ಕಚೇರಿಗೆ ಹೋಗಿದ್ದೆ. “ಅವರು ಬಿಟ್ಟಾಯ್ತಲ್ಲ, ಮತ್ತೆ ಎಂಥದು?” ಎಂದು ಕೇಳಿದರು.

ಬೀಳ್ಕೊಡುಗೆ ಸಮಾರಂಭ ಇಡಲಿಲ್ಲ. ಮುಂದಿನ ಜೂನಿನಲ್ಲಿ ಶಾಲೆಗೆ ಹೊಸ ಬಣ್ಣ, ಹೊಸ ಬೋರ್ಡು ಬಂತು. ಕನ್ನಡ ವಿಭಾಗ ಹಿಂದಿನ ಕಟ್ಟಡಕ್ಕೆ ಹೋಯಿತು, ಒಂದು ವರ್ಷ ಇತ್ತು, ಮಕ್ಕಳಿಲ್ಲವೆಂದು ಮುಚ್ಚಿತು. ಕೋರೆಯ ಮಕ್ಕಳಲ್ಲಿ ಕೆಲವರು ದೂರದ ಸರಕಾರಿ ಶಾಲೆಗೆ ಹೋದರು. ಆ ಹುಡುಗಿಯ ಮನೆಯವರು ಕೆಲಸ ಹುಡುಕಿಕೊಂಡು ಕೊಕ್ಕಡದ ಕಡೆಯ ಯಾವುದೋ ಕೋರೆಗೆ ಹೋದರೆಂದು ಕೇಳಿದೆವು. ಅಕ್ಕ ಒಮ್ಮೆ ಸ್ಕೂಟರಿನಲ್ಲಿ ಹುಡುಕಿಕೊಂಡೂ ಹೋಗಿದ್ದಳು. ಅವರು ಅಲ್ಲಿಂದಲೂ ಹೊರಟುಹೋಗಿದ್ದರು.

ಈಗ ಅಕ್ಕ ಫೋನಿನಲ್ಲಿ ಮಾತಾಡುವುದೇ ಕಡಿಮೆ. ನಾನು ಕರೆ ಮಾಡಿದರೆ “ಹೌದು”, “ಇಲ್ಲ”, “ಬಾ” ಎನ್ನುತ್ತಾಳೆ. ಎರಡು ವಾಕ್ಯ ಸೇರಿಸಿ ಹೇಳುವುದಿಲ್ಲ. ಎದುರು ಕೂತಾಗಲೂ ಮೇಜಿನ ಮೇಲೆ ಯಾರದಾದರೂ ಫೋನು ಇದ್ದರೆ ಅವಳ ಕಣ್ಣು ಅದರ ಮೇಲೆಯೇ. ನಾನು ಬಾಗಿಲಲ್ಲೇ ನನ್ನ ಫೋನನ್ನು ಚೀಲದೊಳಗಿಡುತ್ತೇನೆ. ನನ್ನಿಂದಲೂ ಅವಳಿಗೆ ಭಯವೇ ಎಂದು ಕೇಳುವ ಧೈರ್ಯ ನನಗಿಲ್ಲ.

ಕಳೆದ ವರ್ಷ ಬಿ.ಸಿ. ರೋಡಿನ ಸಭಾಭವನವೊಂದರಲ್ಲಿ ಸಂಬಂಧಿಕರ ಮದುವೆಯಿತ್ತು. ಊಟದ ಸಾಲಿನಲ್ಲಿ ಅಕ್ಕ, ನಾನು ಅಕ್ಕಪಕ್ಕ ಕೂತಿದ್ದೆವು. ಎಲೆಗೆ ಅನ್ನ ಬಿದ್ದ ಹೊತ್ತಿಗೆ ಸಂಚಾಲಕರು ಬಂದು ನಮ್ಮ ಎದುರಿನ ಸಾಲಿನಲ್ಲೇ ಕೂತರು. ಬೇರೆ ಜಾಗವಿಲ್ಲದಿರಲಿಲ್ಲ.

“ಟೀಚರ್, ಹೇಗಿದ್ದೀರಿ? ಕಾಣುದೇ ಇಲ್ಲ ಈಗ” ಎಂದರು. ಮುಖದ ತುಂಬ ನಗು. ಬಡಿಸುವವನನ್ನು ಕರೆದು, “ನಮ್ಮ ಟೀಚರಿಗೆ ಹೋಳಿಗೆ ಹಾಕಿ ಮಾರಾಯ್ರೆ, ತುಪ್ಪ ಹಾಕಿ” ಎಂದರು. ನನಗೆ ಎದ್ದು ಹೋಗಬೇಕೆನಿಸಿತು. ಅಕ್ಕ ಮೇಜಿನ ಕೆಳಗಿನಿಂದ ಎಡಗೈಯಲ್ಲಿ ನನ್ನ ಮೊಣಕಾಲು ಒತ್ತಿ ಹಿಡಿದಳು. ಬಲಗೈಯಲ್ಲಿ ಅನ್ನದ ನಡುವೆ ಸಾರಿಗೆ ಗುಳಿ ಮಾಡುತ್ತಿದ್ದಳು.

“ಚೆನ್ನಾಗಿದ್ದೇನೆ” ಎಂದಳು.

“ಹಳೆಯದೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು. ಈಗ ಯಾರಿಗೆ ನೆನಪುಂಟು ಹೇಳಿ?” ಆಮೇಲೆ ನನ್ನ ಕಡೆ ನೋಡಿದರು. “ಮೇಡಂ, ಅವತ್ತು ನೀವು ಕಂಪ್ಯೂಟರಿನಲ್ಲಿ ಮಾತಿನ ಗೀಟುಗಳನ್ನೆಲ್ಲ ತೋರಿಸಿದ್ರಲ್ಲ, ಭಾರಿ ಲಾಯ್ಕಿತ್ತು. ನಮ್ಮ ಮಕ್ಕಳಿಗೆ ಅಂಥದ್ದು ಬೇಕು. ವಿಜ್ಞಾನ ದಿನಾಚರಣೆಗೆ ಒಂದು ಅರ್ಧ ದಿನ ಬಂದು ಹೇಳಿಕೊಡ್ತೀರಾ? ಕಾರು ಕಳಿಸ್ತೇನೆ.”

ಅವರು ಗೇಲಿ ಮಾಡುತ್ತಿರಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ. ಅವರು ನಿಜವಾಗಿಯೂ ನನ್ನನ್ನು ಕರೆಯುತ್ತಿದ್ದರು.

“ಬರುವುದಿಲ್ಲ” ಎಂದೆ.

“ಬಿಡುವಿಲ್ಲವಾ?”

“ಬಿಡುವುಂಟು.”

ಅವರು ಪಕ್ಕದವರ ಕಡೆ ತಿರುಗಿ ಮಾವಿನ ಉಪ್ಪಿನಕಾಯಿಯ ಬಗ್ಗೆ ಮಾತು ತೆಗೆದರು. ಅಕ್ಕ ನನ್ನ ಮೊಣಕಾಲಿನಿಂದ ಕೈ ತೆಗೆದಳು. ಎಲೆಯ ಮೇಲಿದ್ದ ಹೋಳಿಗೆಯನ್ನು ಮಡಿಸಿ ಬದಿಗೆ ಸರಿಸಿ, ಸಾರು ಬರುವುದನ್ನು ಕಾಯುತ್ತ ಕೂತಳು.